ಪುಟ್ಟ ಮರಿ, ಚೂಪು ಹಲ್ಲು: ಸಣ್ಣ ತಳಿಯ ನಾಯಿಮರಿ ಯಾಕೆ ಕಚ್ಚುತ್ತದೆ, ಬಿಡಿಸುವುದು ಹೇಗೆ

ಲ್ಯಾಬ್ರಡಾರ್ ಮರಿ ಕೈ ಕಚ್ಚಿದರೆ ಮನೆಯವರು ಅವತ್ತೇ ಟ್ರೇನರ್ ನಂಬರ್ ಹುಡುಕುತ್ತಾರೆ. ಪೊಮೆರೇನಿಯನ್ ಮರಿ ಅದೇ ಕೆಲಸ ಮಾಡಿದರೆ ಫೋನ್ ತೆಗೆದು ವಿಡಿಯೊ ಮಾಡುತ್ತಾರೆ. ಸಣ್ಣ ತಳಿಯ ಮರಿಗಳ ಕಚ್ಚಾಟದ ಅರ್ಧ ಕಥೆ ಇಲ್ಲೇ ಇದೆ. ಎರಡೂ ಮರಿಗಳು ಮಾಡಿದ್ದು ಒಂದೇ ಕೆಲಸ. ನೋವು ಕಮ್ಮಿ ಅನ್ನುವ ಕಾರಣಕ್ಕೆ ನಾವು ಕೊಟ್ಟ ಉತ್ತರ ಮಾತ್ರ ಬೇರೆ. ವರ್ಷ ಕಳೆದ ಮೇಲೆ ಅದೇ ನಾಯಿ ಮನೆಗೆ ಬಂದವರ ಬೆರಳಿಗೆ ಬಾಯಿ ಹಾಕಿದಾಗ, ಚಿಕ್ಕ ನಾಯಿಗಳಿಗೆ ಸಿಟ್ಟು ಜಾಸ್ತಿ ಅಂತ ತಳಿಯ ತಲೆಗೆ ಕಟ್ಟಿಬಿಡುತ್ತೇವೆ.

ತಳಿಯ ಪಾಲು ಸ್ವಲ್ಪ ಇದೆ, ಇಲ್ಲ ಅಂತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮಾಲೀಕರಿಂದ ಮಾಹಿತಿ ಪಡೆದು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನುಷ್ಯರ ಮೇಲೆ ಕೆರಳುವ ವಿಷಯದಲ್ಲಿ ಡ್ಯಾಷ್‌ಹಂಡ್, ಚಿವಾವಾ, ಜ್ಯಾಕ್ ರಸೆಲ್ ಟೆರಿಯರ್ ಮೇಲಿನ ಸಾಲಿನಲ್ಲಿದ್ದವು. ಅದರ ಜೊತೆಗೇ ಓದಬೇಕಾದ ಇನ್ನೊಂದು ಅಧ್ಯಯನ 2010ರಲ್ಲಿ ವಿಯೆನ್ನಾದಿಂದ ಬಂತು. ಸಣ್ಣ ನಾಯಿಗಳ ಮಾಲೀಕರು ನಾಯಿಯ ಜೊತೆ ಆಟ, ತರಬೇತಿ ಎರಡನ್ನೂ ಕಮ್ಮಿ ಮಾಡುತ್ತಾರೆ, ಇವತ್ತು ಒಂದು ಥರ ನಾಳೆ ಒಂದು ಥರ ನಡೆದುಕೊಳ್ಳುತ್ತಾರೆ ಎಂದು ಅದರಲ್ಲಿ ಕಂಡುಬಂತು. ಶಿಕ್ಷೆ ಜಾಸ್ತಿ ಇದ್ದ ಮನೆಗಳಲ್ಲಿ ದೊಡ್ಡ ನಾಯಿ, ಚಿಕ್ಕ ನಾಯಿ ಎರಡೂ ಹೆಚ್ಚು ಕೆರಳುತ್ತಿದ್ದವು. ಶಿಕ್ಷೆಯ ಜೊತೆ ಭಯವೂ ಜಾಸ್ತಿ ಕಂಡದ್ದು ಚಿಕ್ಕ ನಾಯಿಗಳಲ್ಲಿ ಮಾತ್ರ. ನನ್ನ ಮಟ್ಟಿಗೆ ಈ ಎರಡನೆಯದೇ ಹೆಚ್ಚು ಉಪಯೋಗದ ಮಾತು. ತಳಿಯನ್ನು ಬದಲಿಸಲು ಆಗದು, ನಮ್ಮ ಕೈಯನ್ನು ಬದಲಿಸಬಹುದು.

ಮರಿ ಯಾಕೆ ಬಾಯಿ ಹಾಕುತ್ತದೆ

ಮರಿಗೆ ಬಾಯೇ ಕೈ. ಒಂದು ವಸ್ತು ಮೆತ್ತಗಿದೆಯೋ ಗಟ್ಟಿಯಿದೆಯೋ, ತಿನ್ನುವಂಥದ್ದೋ ಆಡುವಂಥದ್ದೋ, ಎಳೆದರೆ ಬರುತ್ತದೋ ಇಲ್ಲವೋ ಅನ್ನುವುದನ್ನೆಲ್ಲ ಅದು ಬಾಯಿಂದಲೇ ತಿಳಿಯಬೇಕು. ಆಟಕ್ಕೆ ಕರೆಯುವುದೂ ಬಾಯಿಂದಲೇ. ಹಾಗಾಗಿ 2–3 ತಿಂಗಳ ಮರಿ ಕಚ್ಚುವುದು ಬಹುಪಾಲು ಸಿಟ್ಟಿನಿಂದಲ್ಲ. ಮನೆಯಲ್ಲಿ ಯಜಮಾನಿಕೆ ನಡೆಸಲು ಹೊರಟಿದೆ ಅನ್ನುವುದಂತೂ ಸುಳ್ಳು.

ಹುಟ್ಟುವಾಗ ನಾಯಿಮರಿಗೆ ಹಲ್ಲಿರುವುದಿಲ್ಲ. ಸುಮಾರು 3ನೇ ವಾರಕ್ಕೆ ಹಾಲುಹಲ್ಲು ಕಾಣಿಸಿಕೊಂಡು, 2 ತಿಂಗಳಾಗುವ ಹೊತ್ತಿಗೆ 28 ಹಲ್ಲು ಬಂದಿರುತ್ತವೆ. ಹಲ್ಲು ಚೂಪು, ಆದರೆ ದವಡೆಗೆ ಇನ್ನೂ ಬಲ ಬಂದಿರುವುದಿಲ್ಲ. ಈ ಸಮಯದಲ್ಲಿ ಮರಿ ಒಂದು ದೊಡ್ಡ ಪಾಠ ಕಲಿಯುತ್ತದೆ. ಜೊತೆಯ ಮರಿಯ ಕಿವಿಯನ್ನು ಜೋರಾಗಿ ಕಚ್ಚಿದರೆ ಅದು ಕುಂಯ್ ಅಂತ ಕಿರುಚಿ ಆಟ ಬಿಟ್ಟು ಹೋಗುತ್ತದೆ. ಹಾಲು ಕುಡಿಯುವಾಗ ಹಲ್ಲು ತಾಗಿಸಿದರೆ ತಾಯಿ ಎದ್ದು ನಡೆಯುತ್ತದೆ. ಜೋರಾಗಿ ಕಚ್ಚಿದರೆ ಆಟವೂ ಇಲ್ಲ, ಹಾಲೂ ಇಲ್ಲ. ಇದು ದಿನಕ್ಕೆ ಎಷ್ಟೋ ಸಲ ನಡೆದು, ಎಷ್ಟು ಒತ್ತಿದರೆ ನೋವಾಗುತ್ತದೆ ಅನ್ನುವ ಅಂದಾಜು ಮರಿಗೆ ಸಿಗುತ್ತದೆ.

ಸಣ್ಣ ತಳಿಗಳಲ್ಲಿ ಈ ಪಾಠ ಅರ್ಧಕ್ಕೇ ನಿಲ್ಲುವ ಸಂಭವ ಜಾಸ್ತಿ. ಒಂದು ಸೂಲಿಗೆ ಹುಟ್ಟುವ ಮರಿಗಳೇ ಕಮ್ಮಿ. ಚಿವಾವಾ, ಯಾರ್ಕ್‌ಷೈರ್ ಟೆರಿಯರ್‌ನಂಥ ತಳಿಗಳಲ್ಲಿ ಎರಡೋ ಮೂರೋ ಇರುತ್ತವೆ, ಕೆಲವು ಸಲ ಒಂದೇ ಒಂದು. ಒಂಟಿ ಮರಿಗೆ ಕಿರುಚಿ ಹೇಳುವವರು ಯಾರು? ಮೇಲಿಂದ, ಪುಟ್ಟದಾಗಿ ಕಂಡಷ್ಟೂ ಬೇಗ ಮಾರಾಟವಾಗುತ್ತದೆ ಅಂತ 5–6 ವಾರಕ್ಕೇ ತಾಯಿಯಿಂದ ಬಿಡಿಸಿ ಮಾರುವವರಿದ್ದಾರೆ. ಯಾವ ಮರಿಯೂ ಕನಿಷ್ಠ 8 ವಾರ ತಾಯಿಯ ಜೊತೆ ಇರಬೇಕು. ತೀರಾ ಪುಟ್ಟ ತಳಿಗಳ ಮರಿಗಳನ್ನು ಒಳ್ಳೆಯ ಬ್ರೀಡರ್‌ಗಳು 10–12 ವಾರದವರೆಗೂ ಇಟ್ಟುಕೊಳ್ಳುತ್ತಾರೆ. ಬೇಗ ಬಂದ ಮರಿ ನಿಮ್ಮ ಮನೆಯಲ್ಲಿದ್ದರೆ ಉಳಿದ ಪಾಠ ನಿಮ್ಮ ಪಾಲಿಗೆ ಬಂತು, ಅಷ್ಟೇ.

ತಳಿ ಯಾವ ಕೆಲಸಕ್ಕೆ ಬೆಳೆದು ಬಂತು ಅನ್ನುವುದೂ ಕಚ್ಚುವ ರೀತಿಯಲ್ಲಿ ಕಾಣುತ್ತದೆ. ಕಾರ್ಗಿ ದನ ಅಟ್ಟುವ ನಾಯಿ. ಹಿಮ್ಮಡಿಗೆ ಬಾಯಿ ಹಾಕಿ ದನವನ್ನು ಮುಂದಕ್ಕೆ ಓಡಿಸುವುದು ಅದರ ಕೆಲಸವಾಗಿತ್ತು. ಮನೆಯಲ್ಲಿ ದನ ಇಲ್ಲ, ಓಡುವ ಮಕ್ಕಳಿದ್ದಾರೆ. ಟೆರಿಯರ್, ಡ್ಯಾಷ್‌ಹಂಡ್ ಬಿಲದ ಪ್ರಾಣಿಗಳ ಬೇಟೆಗೆ ಬೆಳೆಸಿದವು. ಸರಸರ ಅಲುಗುವ ಪ್ಯಾಂಟಿನ ಅಂಚು ಕಂಡರೆ ಅವು ಸುಮ್ನೆ ಇರುವುದು ಕಷ್ಟ. ಮಾಲ್ಟೀಸ್, ಷಿಹ್ ತ್ಸು, ಪಗ್ ತಲೆತಲಾಂತರದಿಂದ ಮಡಿಲಿನ ನಾಯಿಗಳೇ. ಅವುಗಳ ಕಚ್ಚಾಟ ಹೆಚ್ಚಾಗಿ ಎತ್ತುವಾಗ, ಬಾಚುವಾಗ, ಒರೆಸುವಾಗ ಶುರುವಾಗುತ್ತದೆ.

ಮೇಲಿಂದ ಬರುವ ಕೈ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಸಣ್ಣ ಮರಿಯ ಮಟ್ಟಿಗೆ ಇದೇ ಮುಖ್ಯ. ದೊಡ್ಡ ನಾಯಿಯನ್ನು ಯಾರೂ ದಿನಕ್ಕೆ ಹತ್ತಾರು ಸಲ ನೆಲದಿಂದ ಎತ್ತುವುದಿಲ್ಲ. ಸಣ್ಣ ಮರಿಯನ್ನು ಎಲ್ಲರೂ ಎತ್ತುತ್ತಾರೆ. ಮಲಗಿದ್ದಾಗ, ಆಡುತ್ತಿದ್ದಾಗ, ತಿನ್ನುತ್ತಿದ್ದಾಗ ಮೇಲಿಂದ ಒಂದು ಕೈ ಇಳಿದು ಬಂದು ಹೊಟ್ಟೆಗೆ ಬೀಳುತ್ತದೆ, ಕಾಲ ಕೆಳಗೆ ನೆಲವೇ ಇಲ್ಲ. ಮರಿ ಮೊದಲು ಮುಖ ತಿರುಗಿಸುತ್ತದೆ, ಮೂಗು ನೆಕ್ಕಿಕೊಳ್ಳುತ್ತದೆ, ಆಕಳಿಸುತ್ತದೆ, ಮೈ ಬಿಗಿ ಮಾಡುತ್ತದೆ. ಇವೆಲ್ಲ ಬೇಡ ಅನ್ನುವ ಮಾತುಗಳು. ನಾವು ಅವನ್ನು ನೋಡುವುದೇ ಇಲ್ಲ. ಆಮೇಲೆ ಅದು ಗುರ್ ಅನ್ನುತ್ತದೆ. ಆ ಪುಟ್ಟ ಗುರ್ ಕೇಳಿ ನಗುತ್ತೇವೆ, ಇಲ್ಲವೇ ಗದರುತ್ತೇವೆ. ಕೊನೆಗೆ ಮರಿ ಹಲ್ಲು ತಾಗಿಸಿದಾಗ ಕೈ ಥಟ್ಟನೆ ಹಿಂದೆ ಹೋಗುತ್ತದೆ. ಮರಿ ಕಲಿತದ್ದು ಏನು? ಮೆತ್ತಗೆ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ, ಹಲ್ಲು ಹೇಳಿದ್ದು ತಕ್ಷಣ ಕೇಳಿಸಿತು.

ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಪರ್ಡ್ ಈ ಸೂಚನೆಗಳನ್ನು ಏಣಿಯ ಮೆಟ್ಟಿಲುಗಳಾಗಿ ಚಿತ್ರಿಸಿದ್ದಾರೆ. ಕೆಳಗಿನ ಮೆಟ್ಟಿಲಲ್ಲಿ ಕಣ್ಣು ಮಿಟುಕಿಸುವುದು, ಮೂಗು ನೆಕ್ಕುವುದು. ನಡುವೆ ದೂರ ಸರಿಯುವುದು, ಮುದುಡಿಕೊಳ್ಳುವುದು. ಮೇಲೆ ಗುರ್ ಅನ್ನುವುದು, ಗಾಳಿಗೆ ಬಾಯಿ ಹಾಕುವುದು, ತುದಿಯಲ್ಲಿ ಕಚ್ಚುವುದು. ಕೆಳಗಿನ ಮೆಟ್ಟಿಲುಗಳಿಂದ ಪ್ರಯೋಜನವಿಲ್ಲ ಅಂತ ಗೊತ್ತಾದ ನಾಯಿ ಅವನ್ನು ಬಿಟ್ಟು ನೇರ ಮೇಲಕ್ಕೆ ಹೋಗುತ್ತದೆ. ಸೂಚನೆಯನ್ನೇ ಕೊಡದೆ ಕಚ್ಚಿತು ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಕಡೆಗಣಿಸಿದ ನೂರಾರು ಸೂಚನೆಗಳಿರುತ್ತವೆ. ಗುರ್ ಅಂದಿದ್ದಕ್ಕೆ ಹೊಡೆಯಬಾರದು ಅನ್ನುವುದು ಇದೇ ಕಾರಣಕ್ಕೆ. ಹೊಡೆದರೆ ಗುರ್ ನಿಲ್ಲುತ್ತದೆ, ಭಯ ಹಾಗೇ ಉಳಿಯುತ್ತದೆ.

ಹಾಗಾದರೆ ಮರಿಯನ್ನು ಎತ್ತಲೇಬಾರದಾ? ಎತ್ತಬಹುದು, ಹೇಳಿ ಎತ್ತಿ. ಪಕ್ಕದಲ್ಲಿ ಕುಳಿತು, "ಎತ್ತಲಾ" ಅಂತಲೋ ಇನ್ನೊಂದು ಮಾತೋ, ದಿನವೂ ಅದೇ ಮಾತು ಹೇಳಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇಟ್ಟು, ಮೈಗೆ ಆನಿಸಿಕೊಂಡು ಎತ್ತಿ. ಮುಂಗಾಲು ಹಿಡಿದು ಎತ್ತುವುದು, ಕತ್ತಿನ ಚರ್ಮ ಹಿಡಿದು ಎತ್ತುವುದು ಬೇಡವೇ ಬೇಡ. ಎತ್ತಿದ ತಕ್ಷಣ ಬಾಯಿಗೆ ಒಂದು ಚೂರು ತಿಂಡಿ. ಕೆಲವು ದಿನದಲ್ಲಿ ಆ ಮಾತು ಕೇಳಿದರೆ ಮರಿಯೇ ಹತ್ತಿರ ಬರುತ್ತದೆ. ನೇವರಿಸುವಾಗಲೂ ಅಷ್ಟೇ. ಎದೆ ಅಥವಾ ಕತ್ತಿನ ಪಕ್ಕ ಮೂರು ಸೆಕೆಂಡು ನೇವರಿಸಿ ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ಅದು ಒತ್ತಿಕೊಂಡು ಬರುತ್ತದೆ. ಸುಮ್ಮನೆ ಕುಳಿತರೆ ಅಥವಾ ಪಕ್ಕಕ್ಕೆ ಸರಿದರೆ ಸಾಕು ಅಂತ ಅರ್ಥ. ಎಷ್ಟೋ ಮನೆಗಳಲ್ಲಿ ಬೇರೆ ಏನೂ ಮಾಡದೆ ಇದೊಂದನ್ನು ಸರಿಪಡಿಸಿದರೂ ಕಚ್ಚುವುದು ಇಳಿಯುತ್ತದೆ.

ಕಚ್ಚಿದಾಗ ಏನು ಮಾಡಬೇಕು

ಪಶುವೈದ್ಯ, ಶ್ವಾನ ತರಬೇತುದಾರ ಇಯಾನ್ ಡನ್ಬರ್ ಬಹಳ ಕಾಲದಿಂದ ಒಂದು ಮಾತು ಹೇಳುತ್ತಾ ಬಂದಿದ್ದಾರೆ. ಮರಿಗೆ ಮೊದಲು ಮೆತ್ತಗೆ ಕಚ್ಚುವುದನ್ನು ಕಲಿಸಿ, ಕಚ್ಚದಿರುವುದನ್ನು ಆಮೇಲೆ ಕಲಿಸಿ ಅಂತ. ಕೇಳಲು ತಲೆಕೆಳಗಾಗಿ ಕಾಣುತ್ತದೆ, ಆದರೆ ಲೆಕ್ಕ ಸರಿಯಿದೆ. ದೊಡ್ಡದಾದ ಮೇಲೆ ಯಾರೋ ಕತ್ತಲಲ್ಲಿ ಬಾಲ ತುಳಿದರೆ ಯಾವ ನಾಯಿಯಾದರೂ ಬಾಯಿ ಹಾಕಬಹುದು. ಆಗ ಹಲ್ಲು ಚರ್ಮಕ್ಕೆ ಬರೀ ತಾಗುತ್ತದೋ, ಒಳಗೆ ಇಳಿಯುತ್ತದೋ ಅನ್ನುವುದು ಮರಿಯಾಗಿದ್ದಾಗ ಕಲಿತ ಅಂದಾಜಿನ ಮೇಲೆ ನಿಂತಿದೆ.

ಸಣ್ಣ ತಳಿಯ ಮರಿ ಹಿಂದೆ ಬೀಳುವುದು ಇಲ್ಲೇ. ನಿಮ್ಮ ಒರಟು ಅಂಗೈಗೆ ಅದರ ಕಚ್ಚು ಕಚಗುಳಿ. ನೀವು ಏನೂ ಮಾಡುವುದಿಲ್ಲ, ಅದು ಏನೂ ಕಲಿಯುವುದಿಲ್ಲ. ನಿಮಗೆ ನೋವಾಯಿತಾ ಅಂತ ನೋಡಬೇಡಿ. ಇದೇ ಒತ್ತಡ ಹಸುಳೆಯ ಕೈಗೋ ವಯಸ್ಸಾದವರ ತೆಳು ಚರ್ಮಕ್ಕೋ ಬಿದ್ದಿದ್ದರೆ ಏನಾಗುತ್ತಿತ್ತು ಅಂತ ನೋಡಿ. ಅಲ್ಲಿ ನೋವಾಗುವಂತಿದ್ದರೆ ಆಟ ನಿಲ್ಲಬೇಕು.

ಆಟ ನಿಲ್ಲಿಸುವುದು ಅಂದರೆ ನಿಜಕ್ಕೂ ನಿಲ್ಲಿಸುವುದು. ಕೈ ಎಳೆದುಕೊಳ್ಳಬೇಡಿ, ಓಡುವ ಕೈಯನ್ನು ಮರಿ ಅಟ್ಟಿಸಿಕೊಂಡು ಬರುತ್ತದೆ. ಕೈ ಸಡಿಲ ಬಿಟ್ಟು ಅಲುಗದೆ ಇರಿ. ಬಾಯಿ ಬಿಟ್ಟ ಕೂಡಲೇ ಮಾತಿಲ್ಲದೆ ಎದ್ದು ಹೋಗಿ. ಬಾಗಿಲೋ ಬೇಬಿ ಗೇಟೋ ಇದ್ದರೆ ಅದರ ಆಚೆ 15–20 ಸೆಕೆಂಡು ನಿಂತು, ವಾಪಸ್ ಬಂದು, ಈ ಸಲ ಆಟಿಕೆ ಮುಂದಿಟ್ಟು ಆಟ ಮುಂದುವರಿಸಿ. ಅರ್ಧ ಗಂಟೆ ಕೂಡಿಹಾಕಿದರೆ ಯಾಕೆ ಅನ್ನುವುದೇ ಮರಿಗೆ ಮರೆತುಹೋಗಿರುತ್ತದೆ. ಕಚ್ಚಿದ ಕ್ಷಣಕ್ಕೂ ನೀವು ಎದ್ದ ಕ್ಷಣಕ್ಕೂ ನಡುವೆ ಒಂದೆರಡು ಸೆಕೆಂಡು ಮಾತ್ರ ಇರಬೇಕು.

ಮರಿಯಂತೆ ನೀವೂ ಕುಂಯ್ ಅಂತ ಕಿರುಚಿ ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಕೆಲವು ಮರಿಗಳು ಅದಕ್ಕೆ ಬೆಚ್ಚಿ ನಿಲ್ಲುತ್ತವೆ. ಟೆರಿಯರ್‌ಗಳ ಹತ್ತಿರ ಅದು ಎಷ್ಟೋ ಸಲ ಉಲ್ಟಾ ಹೊಡೆಯುತ್ತದೆ. ಕೀಚು ದನಿ ಕೇಳಿ ಇನ್ನೂ ಹುರುಪಿಗೇರುತ್ತವೆ. ಒಂದೆರಡು ಸಲ ಮಾಡಿ ನೋಡಿ, ಕಣ್ಣು ಅರಳಿ ಮತ್ತೆ ಮೇಲೆ ಬಿದ್ದರೆ ಆ ಉಪಾಯ ಬಿಟ್ಟುಬಿಡಿ.

ಮೊದಲ ವಾರದಲ್ಲಿ ಕಚ್ಚುವುದು ಕಮ್ಮಿಯಾಗುವ ಬದಲು ಜಾಸ್ತಿಯಾಗಬಹುದು. ಇಷ್ಟು ದಿನ ಕಚ್ಚಿದರೆ ನಗು, ಮಾತು, ಗಮನ ಎಲ್ಲ ಸಿಗುತ್ತಿತ್ತು. ಈಗ ಸಿಗುತ್ತಿಲ್ಲ, ಹಾಗಾಗಿ ಮರಿ ಇನ್ನೂ ಜೋರಾಗಿ ಪ್ರಯತ್ನ ಮಾಡುತ್ತದೆ. ಬಹಳ ಜನ ಕೈಚೆಲ್ಲುವುದು ಇಲ್ಲೇ. ಈ ಹಂತದಲ್ಲಿ ಒಮ್ಮೆ ಸೋತರೆ, ಜೋರಾಗಿ ಕಚ್ಚಿದರೆ ಕೆಲಸ ಆಗುತ್ತದೆ ಅಂತ ನೀವೇ ಕಲಿಸಿದಂತೆ. ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳಬೇಕು ಅನ್ನುವುದೂ ಇದಕ್ಕೇ. ನಾಲ್ಕು ಜನ ಎದ್ದು ಹೋಗಿ, ಒಬ್ಬರು ಮಾತ್ರ ಬೆರಳು ಕೊಟ್ಟು ಕುಸ್ತಿ ಆಡಿಸುತ್ತಿದ್ದರೆ ಮರಿ ಆ ಒಬ್ಬರಿಗಾಗಿ ಕಾಯುತ್ತದೆ. ಬೆರಳು ಆಡಿಸಿ ಕರೆಯುವುದು, ಕಚ್ಚಿದ ಮೇಲೆ ಬೈಯುವುದು. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಅಂದರೆ ಇದೇ ಅಲ್ವಾ?

ಕಚ್ಚಲು ಮರಿಗೆ ಬೇರೆ ಏನಾದರೂ ಬೇಕು. ಮರಿ ಇರುವ ಕಡೆಯೆಲ್ಲ ಕೈಗೆ ಸಿಗುವಂತೆ ಉದ್ದನೆಯ ಮೆತ್ತನೆ ಆಟಿಕೆಗಳಿರಲಿ. ಉದ್ದ ಯಾಕೆಂದರೆ ಅದರ ಬಾಯಿ ಮತ್ತು ನಿಮ್ಮ ಬೆರಳಿನ ನಡುವೆ ಅಂತರ ಉಳಿಯುತ್ತದೆ. ಕಾಲಿಗೆ ಬಾಯಿ ಹಾಕುವ ಮರಿ ಇದ್ದರೆ ನಡೆಯುವಾಗ ಬಟ್ಟೆಯ ಆಟಿಕೆಯೊಂದನ್ನು ದಾರದಲ್ಲಿ ಕಟ್ಟಿ ಪಕ್ಕದಲ್ಲಿ ಎಳೆಯುತ್ತಾ ಹೋಗಿ, ಹಿಮ್ಮಡಿಗಿಂತ ಅದೇ ಅದಕ್ಕೆ ಇಷ್ಟ. ಎಳೆದಾಟ ಆಡಿಸಿದರೆ ನಾಯಿ ಸಿಡುಕಾಗುತ್ತದೆ ಅನ್ನುವ ಭಯ ಬೇಡ. ಪುಟ್ಟ ಮರಿಯ ಕತ್ತು, ಹಲ್ಲು ಎರಡೂ ನಾಜೂಕು ಅನ್ನುವುದು ನೆನಪಿದ್ದರೆ ಸಾಕು. ನೆಲದ ಮಟ್ಟದಲ್ಲೇ, ಅಕ್ಕಪಕ್ಕಕ್ಕೆ ನಿಧಾನ ಆಡಿಸಿ. ಮೇಲಕ್ಕೆ ಎತ್ತಿ ನೇತಾಡಿಸಬೇಡಿ.

ನಿದ್ದೆ, ಹಸಿವು, ವಸಡು

ಸಂಜೆ ಹೊತ್ತಿಗೆ ಮರಿಗೆ ಹುಚ್ಚು ಹಿಡಿದಂತೆ ಆಗುತ್ತದೆ, ಕಂಡಕಂಡದ್ದಕ್ಕೆ ಬಾಯಿ ಹಾಕುತ್ತದೆ ಅನ್ನುವವರು ಬಹಳ. ಇನ್ನೂ ಆಡಿಸಿ ಸುಸ್ತು ಮಾಡಿಸೋಣ ಅಂತ ಹೊರಡುತ್ತಾರೆ. ಅದಕ್ಕೆ ಬೇಕಾಗಿರುವುದು ನಿದ್ದೆ. ಎಳೆ ಮರಿ ದಿನದ 24 ಗಂಟೆಯಲ್ಲಿ 18–20 ಗಂಟೆ ಮಲಗಬೇಕು. ಮನೆ ತುಂಬ ಜನ, ಒಬ್ಬರಾದ ಮೇಲೆ ಒಬ್ಬರು ಎತ್ತಿ ಆಡಿಸುತ್ತಿದ್ದರೆ ಅಷ್ಟು ನಿದ್ದೆ ಎಲ್ಲಿಂದ ಬರಬೇಕು? ಸುಮಾರು ಒಂದು ಗಂಟೆ ಎಚ್ಚರವಿದ್ದ ಮರಿಯನ್ನು ಶಾಂತ ಮೂಲೆಯಲ್ಲಿ, ಕ್ರೇಟ್ ಅಥವಾ ಸಣ್ಣ ಬೇಲಿಯೊಳಗೆ ಬಿಟ್ಟು ಮಲಗಲು ಬಿಡಿ. ಮಲಗಿದ ಮರಿಯನ್ನು ಮುಟ್ಟಬಾರದು ಅನ್ನುವ ನಿಯಮ ಮನೆಯವರಿಗೂ ಬಂದವರಿಗೂ ಒಂದೇ ಇರಲಿ.

ಹಸಿವಿನ ವಿಷಯದಲ್ಲಿ ಸಣ್ಣ ತಳಿ ದೊಡ್ಡ ತಳಿಗಿಂತ ಬೇರೆ. ತೀರಾ ಪುಟ್ಟ ಮರಿಗಳ ಮೈಯಲ್ಲಿ ಸಕ್ಕರೆಯ ಸಂಗ್ರಹ ಕಮ್ಮಿ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ. ದಿನಕ್ಕೆ 4 ಸಲ ಸ್ವಲ್ಪಸ್ವಲ್ಪ ಊಟ ಇದಕ್ಕಾಗಿ. ಕಿರಿಕಿರಿಯಷ್ಟೇ ಅಲ್ಲ, ನಡುಗುವುದು, ತೂರಾಡುವುದು, ಸೋತು ಮಲಗುವುದು ಕಂಡರೆ ಅದು ತರಬೇತಿಯ ವಿಷಯ ಅಲ್ಲ, ತಕ್ಷಣ ಪಶುವೈದ್ಯರ ಹತ್ತಿರ ಓಡಬೇಕು.

ಸುಮಾರು 4ನೇ ತಿಂಗಳಿಗೆ ಹಾಲುಹಲ್ಲು ಬೀಳಲು ಶುರುವಾಗಿ, 6–7 ತಿಂಗಳಿಗೆ 42 ಕಾಯಂ ಹಲ್ಲು ಬರುತ್ತವೆ. ವಸಡು ನವೆಯುವ ಈ ಕಾಲದಲ್ಲಿ ಕಚ್ಚುವುದು ಮತ್ತೊಮ್ಮೆ ಏರುತ್ತದೆ. ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿದ ರಬ್ಬರ್ ಆಟಿಕೆ, ಒದ್ದೆ ಮಾಡಿ ತಣಿಸಿದ ದಪ್ಪ ಬಟ್ಟೆ ಕೊಡಬಹುದು. ಬಟ್ಟೆ ಕೊಟ್ಟಾಗ ಕಣ್ಣಿಟ್ಟಿರಿ, ಹರಿದು ನುಂಗುವ ಮರಿಗಳಿವೆ. ಎಲುಬು, ಕೊಂಬಿನ ತುಂಡು ಬೇಡ, ಹಲ್ಲು ಸೀಳುತ್ತವೆ. ನಿಮ್ಮ ಉಗುರಿನಿಂದ ಒತ್ತಿದರೆ ಸ್ವಲ್ಪವೂ ತಗ್ಗದ ವಸ್ತು ಮರಿಯ ಹಲ್ಲಿಗೆ ಜಾಸ್ತಿ ಗಟ್ಟಿ.

ಸಣ್ಣ ತಳಿಗಳಲ್ಲಿ ಇನ್ನೊಂದು ತೊಂದರೆ ಸಾಮಾನ್ಯ. ಹಾಲುಹಲ್ಲು ಬೀಳದೆ ಹಾಗೇ ಉಳಿದು, ಪಕ್ಕದಲ್ಲೇ ಹೊಸ ಹಲ್ಲು ಬರುತ್ತದೆ. ಕೋರೆಹಲ್ಲಿನ ಜಾಗದಲ್ಲಿ ಎರಡೆರಡು ಕಂಡರೆ ಅದೇ. ನಡುವೆ ಆಹಾರ ಸಿಕ್ಕಿಕೊಳ್ಳುತ್ತದೆ, ಹೊಸ ಹಲ್ಲು ವಕ್ರವಾಗುತ್ತದೆ, ನೋವಿರುವ ಬಾಯಿಯ ಹತ್ತಿರ ಕೈ ಬಂದರೆ ಮರಿ ಸಿಡಿಯುತ್ತದೆ. ವಾರಕ್ಕೊಮ್ಮೆ ತುಟಿ ಮೆಲ್ಲಗೆ ಎತ್ತಿ ನೋಡುವ ಅಭ್ಯಾಸ ಇದ್ದರೆ ಬೇಗ ತಿಳಿಯುತ್ತದೆ. ತೆಗೆಸುವುದು ಪಶುವೈದ್ಯರ ಕೆಲಸ, ನೀವು ಅಲ್ಲಾಡಿಸಲು ಹೋಗಬೇಡಿ.

ಇವು ಬೇಡ

ಬಾಯಿ ಹಿಡಿದು ಮುಚ್ಚುವುದು, ಮೂಗಿಗೆ ಬೆರಳಿನಿಂದ ಹೊಡೆಯುವುದು, ಕತ್ತು ಹಿಡಿದು ಅಲ್ಲಾಡಿಸುವುದು, ಅಂಗಾತ ಒತ್ತಿ ಹಿಡಿಯುವುದು. ಹಳೆಯ ಕಾಲದ ಈ ಸಲಹೆಗಳು ಇನ್ನೂ ಓಡಾಡುತ್ತಿವೆ. ಪೆನ್ಸಿಲ್ವೇನಿಯಾದ್ದೇ 2009ರ ಇನ್ನೊಂದು ಅಧ್ಯಯನದಲ್ಲಿ, ಇಂಥ ಬಲವಂತದ ವಿಧಾನಗಳಿಗೆ ಎಷ್ಟೋ ನಾಯಿಗಳು ಕೆರಳಿಯೇ ಉತ್ತರ ಕೊಟ್ಟವು ಅಂತ ಮಾಲೀಕರೇ ಹೇಳಿದ್ದಾರೆ. ಸಣ್ಣ ಮರಿಗೆ ಗಾಯದ ಅಪಾಯ ಬೇರೆ. ಚಿವಾವಾ ಮರಿಗಳಲ್ಲಿ ನೆತ್ತಿಯ ಎಲುಬು ಪೂರ್ತಿ ಕೂಡದೆ ಮೆತ್ತಗಿರುವುದುಂಟು, ಅಲ್ಲಿ ಬೀಳುವ ಏಟು ಚಿಕ್ಕದಲ್ಲ. ಪೊಮೆರೇನಿಯನ್, ಯಾರ್ಕ್‌ಷೈರ್‌ನಂಥ ತಳಿಗಳ ಶ್ವಾಸನಾಳ ದುರ್ಬಲ. ಕಚ್ಚಿತು ಅಂತ ಕತ್ತಿನ ಪಟ್ಟಿ ಹಿಡಿದು ಜಗ್ಗಬೇಡಿ, ಲೀಶ್ ಹಾಕುವುದಿದ್ದರೆ ಎದೆಗೆ ಸುತ್ತುವ ಹಾರ್ನೆಸ್‌ಗೆ ಹಾಕಿ.

ಮಕ್ಕಳಿರುವ ಮನೆಯಲ್ಲಿ ದೊಡ್ಡವರ ಕಣ್ಣಿಲ್ಲದೆ ಮಗುವನ್ನೂ ಮರಿಯನ್ನೂ ಒಟ್ಟಿಗೆ ಬಿಡಬೇಡಿ. ಮರಿ ಮೇಲೆ ಬಿದ್ದಾಗ ಮಗು ಕಿರುಚಿ ಓಡಿದರೆ ಮರಿಗೆ ಅದು ಆಟ. ಕೈ ಕಟ್ಟಿ, ಬೇರೆ ಕಡೆ ನೋಡುತ್ತಾ, ಅಲುಗದೆ ನಿಲ್ಲುವುದನ್ನು ಮಕ್ಕಳಿಗೆ ಆಟವಾಗಿಯೇ ಕಲಿಸಿ. ಎತ್ತುವುದಂತೂ ನೆಲದ ಮೇಲೆ ಕುಳಿತು, ಮಡಿಲಲ್ಲಿ ಮಾತ್ರ. ಮಕ್ಕಳ ಕೈಯಿಂದ ಜಾರಿ ಬಿದ್ದು ಕಾಲು ಮುರಿದುಕೊಳ್ಳುವ ಪುಟ್ಟ ಮರಿಗಳು ಕಮ್ಮಿಯೇನಲ್ಲ.

ಹಲ್ಲು ಚರ್ಮಕ್ಕೆ ತಾಗಿ ತರಚಿದರೆ, ರಕ್ತ ಬಂದರೆ ಆ ಜಾಗವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೇಬೀಸ್ ಇರುವ ದೇಶಗಳಲ್ಲಿ ರಕ್ತ ಬಾರದ ತರಚು ಗಾಯಕ್ಕೂ ಲಸಿಕೆ ಬೇಕು ಅನ್ನುವುದು ಅದರ ಸಲಹೆ. ಪುಟ್ಟ ಮರಿ ತಾನೇ ಅಂತ ತಾತ್ಸಾರ ಬೇಡ, ರೇಬೀಸ್ ಮರಿಗಳಿಗೂ ಬರುತ್ತದೆ. ಸಾಮಾನ್ಯವಾಗಿ 3 ತಿಂಗಳ ಸುಮಾರಿಗೆ ರೇಬೀಸ್ ಲಸಿಕೆ ಹಾಕುವುದರಿಂದ ಅದಕ್ಕಿಂತ ಎಳೆಯ ಮರಿಗೆ ಆ ರಕ್ಷಣೆಯೂ ಇರುವುದಿಲ್ಲ. ಅವತ್ತೇ ವೈದ್ಯರಿಗೆ ತೋರಿಸಿ.

ಯಾವಾಗ ತಜ್ಞರನ್ನು ಕೇಳಬೇಕು? ಆಟದ ಕಚ್ಚಿನಲ್ಲಿ ಮರಿಯ ಮೈ ಸಡಿಲವಾಗಿರುತ್ತದೆ, ಕುಣಿಯುತ್ತದೆ, ಮುಂಗಾಲು ಚಾಚಿ ಹಿಂಭಾಗ ಎತ್ತಿ ಕರೆಯುತ್ತದೆ. ಮೈ ಮರಗಟ್ಟಿ, ಕಣ್ಣಿನ ಬಿಳಿ ಕಾಣುವಂತೆ ಓರೆ ನೋಟ ನೋಡಿ, ಊಟದ ತಟ್ಟೆಯ ಹತ್ತಿರವೋ ಮಲಗಿದ ಜಾಗದಲ್ಲೋ ಗುರ್ ಎಂದು ಕಚ್ಚಿದರೆ ಅದು ಬೇರೆ. ಇದ್ದಕ್ಕಿದ್ದಂತೆ ಶುರುವಾದ ಕಚ್ಚುವಿಕೆ, ಮೈಯ ಒಂದೇ ಜಾಗ ಮುಟ್ಟಿದಾಗ ಮಾತ್ರ ಕಚ್ಚುವುದು, ಕಾಯಂ ಹಲ್ಲು ಬಂದು ಮುಗಿದ ಮೇಲೂ ರಕ್ತ ಬರುವಂತೆ ಕಚ್ಚುವುದು ಕೂಡ ಹಾಗೆಯೇ. ಮೊದಲು ಪಶುವೈದ್ಯರಿಗೆ ತೋರಿಸಿ, ಕಿವಿ, ಹಲ್ಲು, ಮಂಡಿಚಿಪ್ಪು ನೋಡಲು ಹೇಳಿ. ಸಣ್ಣ ತಳಿಗಳಲ್ಲಿ ಮಂಡಿಚಿಪ್ಪು ಜಾರುವುದು ಸಾಮಾನ್ಯ, ಆ ನೋವಿಗೆ ಎತ್ತಲು ಹೋದ ಕೈಯನ್ನು ಕಚ್ಚುವ ನಾಯಿಗಳಿವೆ. ನೋವಿಲ್ಲ ಅಂತ ಖಾತ್ರಿಯಾದ ಮೇಲೆ, ಹೊಡೆಯದೆ ಕಲಿಸುವ ಟ್ರೇನರ್ ಹುಡುಕಿ. ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ: ಮರಿ ತಪ್ಪು ಮಾಡಿದರೆ ನೀವು ಏನು ಮಾಡುತ್ತೀರಿ? ಯಾರು ಬಾಸ್ ಅಂತ ತೋರಿಸಬೇಕು ಅನ್ನುವ ಉತ್ತರ ಬಂದರೆ ಬೇರೆಯವರನ್ನು ನೋಡಿ.